ಚೊಚ್ಚಲು ಎಂದು ಬರೆಸಿದ್ದು

ಮದುವೆಯಾದ ಮರುವರ್ಷ ನನಗೆ ಮೊದಲ ಬಸಿರು ನಿಂತಿತು. ಮೂರು ತಿಂಗಳು ತುಂಬಲು ಹತ್ತು ದಿನ ಬಾಕಿಯಿದ್ದಾಗ ಅದು ಹೋಯಿತು.

ನಾನು ಗ್ರಾಮ ಆಡಳಿತಾಧಿಕಾರಿ. ಹಳ್ಳಿಯವರ ಬಾಯಲ್ಲಿ ವಿಎ ಮೇಡಂ. ಆಗ ಅಮೃತಾಪುರದ ಕಡೆಯ ನಾಲ್ಕು ಹಳ್ಳಿಗಳು ನನ್ನ ಪಾಲಿಗಿದ್ದವು. ಗಂಡನ ಮನೆ ಅಜ್ಜಂಪುರದ ಹತ್ತಿರದ ಹಳ್ಳಿ. ಗಂಡನಿಗೆ ಅಜ್ಜಂಪುರದಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತಿ ರಿಪೇರಿ ಮಾಡುವ ಅಂಗಡಿ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಮಾವ ನಾನು ಆ ಮನೆಗೆ ಬರುವ ಎಷ್ಟೋ ವರ್ಷ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡ ಒಬ್ಬನೇ ಮಗ.

ಅವತ್ತು ಪಂಚಾಯ್ತಿ ಕಟ್ಟಡದಲ್ಲಿ ಕೂತು ಜಾತಿ-ಆದಾಯದ ಅರ್ಜಿಗಳಿಗೆ ವರದಿ ಬರೆಯುತ್ತಿದ್ದೆ. ಸೊಂಟದಲ್ಲಿ ನೋವು ಶುರುವಾಯಿತು. ಯಾರಿಗೂ ಹೇಳದೆ ತರೀಕೆರೆಗೆ ಬಸ್ಸು ಹತ್ತಿದೆ. ಅಲ್ಲಿಂದ ಅಜ್ಜಂಪುರದ ಬಸ್ಸು. ಸೀಟಿನಿಂದ ಏಳಲು ಹೆದರಿ, ಊರು ಬಂದ ಮೇಲೂ ಎಲ್ಲರೂ ಇಳಿಯಲಿ ಎಂದು ಕಾದೆ. ಅತ್ತೆ ನನ್ನ ಮುಖ ನೋಡಿದವರೇ ಏನನ್ನೂ ಕೇಳದೆ ಬಚ್ಚಲಿಗೆ ಕರೆದುಕೊಂಡು ಹೋದರು. ಹಂಡೆಯ ಬಿಸಿನೀರು ತೋಡಿ ಹುಯ್ದರು. ನನ್ನ ಬಟ್ಟೆಗಳನ್ನು ತಾವೇ ಒಗೆದರು.

"ಮುಟ್ಟು ತಡ ಆಗಿತ್ತು ಕಣವ್ವ, ಅಷ್ಟೇಯ" ಎಂದರು.

"ಅತ್ತೆ, ಟೆಸ್ಟ್‌ನಲ್ಲಿ ಎರಡು ಗೆರೆ ಬಂದಿತ್ತು."

"ಗೆರೆ ಏನ್ ಹೇಳ್ತದೆ ಬಿಡು. ಯಾರ್ಗೂ ಹೇಳಕ್ಕೆ ಹೋಗ್ಬ್ಯಾಡ. ನಿಮ್ಮಮ್ಮಂಗೂ ಹೇಳ್ಬ್ಯಾಡ."

ಎರಡೂವರೆ ತಿಂಗಳು ಯಾರ ಮುಟ್ಟೂ ಹಾಗೆ ತಡವಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಸುಮ್ಮನಾದೆ. ಡಾಕ್ಟರ ಹತ್ತಿರ ಹೋಗೋಣವೆಂದು ಗಂಡ ಎರಡು ಸಲ ಕೇಳಿದ. ರಕ್ತ ನಿಂತಿದೆಯಲ್ಲ, ಬೇಡ ಎಂದೆ. ಎಂಟು ದಿನ ರಜೆ ಹಾಕಿ ಒಂಬತ್ತನೇ ದಿನ ಕೆಲಸಕ್ಕೆ ಹೋದೆ. ಆಮೇಲೆ ಆ ವಿಷಯ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಒಂದು ವರ್ಷದ ನಂತರ ಮತ್ತೆ ಬಸುರಾದೆ. ಈ ಸಲ ಎಲ್ಲವೂ ಕ್ರಮವಾಗಿ ನಡೆಯಿತು. ಆಶಾ ಕಾರ್ಯಕರ್ತೆ ಮನೆಗೆ ಬಂದು ಹೆಸರು ಬರೆದುಕೊಂಡಳು, ತಾಯಿ ಕಾರ್ಡ್ ಕೊಟ್ಟಳು. ತರೀಕೆರೆಯ ಒಂದು ನರ್ಸಿಂಗ್ ಹೋಮಿಗೆ ಅತ್ತೆಯ ಜೊತೆ ಹೋದೆ. ಅಲ್ಲಿಯ ಡಾಕ್ಟರು ವಯಸ್ಸಾದ ಹೆಂಗಸು, ನಿಧಾನವಾಗಿ ಮಾತಾಡುವವರು. ರಕ್ತದ ರಿಪೋರ್ಟನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು.

"ನಿಂದು ನೆಗೆಟಿವ್ ಗ್ರೂಪು ಕಣಮ್ಮ. ಯಜಮಾನ್ರದ್ದು ಯಾವುದು?"

"ಪಾಸಿಟಿವ್ ಮೇಡಂ."

"ಇದು ಎಷ್ಟನೇದು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು. "ಚೊಚ್ಚಲು ಡಾಕ್ಟ್ರೇ."

ಡಾಕ್ಟರು ಬರೆದುಕೊಂಡರು. "ಮೊದಲನೇದಾದ್ರೆ ಗಾಬರಿ ಇಲ್ಲ. ತಾಯಿದು ನೆಗೆಟಿವ್, ಮಗುದು ಪಾಸಿಟಿವ್ ಇದ್ರೆ, ಮಗು ರಕ್ತ ತಾಯಿಗೆ ಸೇರಿದಾಗ ತಾಯಿ ಮೈಯಲ್ಲಿ ಅದರ ವಿರುದ್ಧ ಆಂಟಿಬಾಡಿ ಹುಟ್ಕೊಳ್ಳುತ್ತೆ. ಸಾಮಾನ್ಯವಾಗಿ ಮೊದಲನೇ ಮಗುಗೆ ಅದರಿಂದ ಏನೂ ಆಗಲ್ಲ, ಆಮೇಲಿನ ಮಕ್ಕಳಿಗೆ ತೊಂದ್ರೆ. ಆಂಟಿಬಾಡಿ ಟೆಸ್ಟು ಏಳನೇ ತಿಂಗಳಲ್ಲಿ ಮಾಡಿಸೋಣ" ಎಂದರು.

ಆಗ ಹೇಳಬಹುದಿತ್ತು. ಅತ್ತೆ ಪಕ್ಕದಲ್ಲೇ ಇದ್ದರು ಎಂಬುದು ಒಂದು ಕಾರಣ. ಇನ್ನೊಂದು ಕಾರಣವೂ ಇತ್ತು. ಚೊಚ್ಚಲು ಎಂಬ ಮಾತು ಕೇಳಿದಾಗ ನನಗೇ ಹಿತವಾಯಿತು. ಹಿಂದೆ ಏನೂ ಆಗಿಲ್ಲ, ಇದೇ ಮೊದಲು ಎಂದು ನಂಬಲು ನನಗೂ ಮನಸ್ಸಿತ್ತು.

ಐದನೇ ತಿಂಗಳಲ್ಲಿ ಮಗು ಅಲುಗಾಡಲು ಶುರುಮಾಡಿತು. ಮೊದಲು ಮೀನು ಸರಿದ ಹಾಗೆ, ಆಮೇಲೆ ಗಟ್ಟಿಯಾಗಿ. ಹದಿನೈದು ದಿನ ಆ ಅಲುಗಾಟವಿತ್ತು. ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದಾಗ ನೀರು ಹೋಯಿತು. ತರೀಕೆರೆ ಮುಟ್ಟುವಷ್ಟರಲ್ಲಿ ನೋವು ಬಂದಿತ್ತು. ಗಂಡು ಮಗು. ಅಂಗೈ ಮೇಲೆ ಮಲಗಿಸಬಹುದಾದಷ್ಟು. ಉಗುರುಗಳಿದ್ದವು.

ಯಾಕೆ ಹೀಗಾಯಿತು ಎಂದು ಡಾಕ್ಟರು ಖಚಿತವಾಗಿ ಹೇಳಲಿಲ್ಲ. ಸೋಂಕಿರಬಹುದು, ಗರ್ಭದ ಬಾಯಿ ಸಡಿಲವಿರಬಹುದು, ರಕ್ತದ ಗುಂಪಿಗೂ ಇದಕ್ಕೂ ಸಂಬಂಧವಿಲ್ಲ ಎಂದರು. ಮಾರನೇ ದಿನ ಒಂದು ಇಂಜೆಕ್ಷನ್ ಕೊಟ್ಟರು. "ಇದು ಆಂಟಿ-ಡಿ ಅಂತ. ಮಗು ರಕ್ತ ನಿನ್ನ ರಕ್ತಕ್ಕೆ ಸೇರಿದ್ರೂ ನಿನ್ನ ಮೈ ಅದನ್ನ ಗುರುತು ಹಿಡಿಯೋಕೆ ಮೊದಲೇ ಇದು ಹೊಡೆದು ಹಾಕ್ಬಿಡುತ್ತೆ. ಮೂರು ದಿನದೊಳಗೆ ಕೊಡಬೇಕು, ಕೊಟ್ಟಿದೀವಿ. ಮುಂದಿನ ಮಗುಗೆ ಭಯ ಇಲ್ಲ."

ನನ್ನ ಗಂಡ ಮತ್ತು ಅತ್ತೆ ಮಗುವನ್ನು ಊರಿಗೆ ಒಯ್ದು ನಮ್ಮ ತೆಂಗಿನ ತೋಟದಲ್ಲಿ ಮಣ್ಣು ಮಾಡಿದರು. ಆಮೇಲೆ ಗಂಡ ಹೇಳಿದ, ಎಲ್ಲಿ ಅಗೆಯಬೇಕೆಂದು ಅವನು ಯೋಚಿಸುತ್ತಾ ನಿಂತಿದ್ದಾಗ ಅವನ ಅಮ್ಮ ನೆಟ್ಟಗೆ ನಡೆದುಹೋಗಿ, ತೋಟದ ಪಡುವಣ ಮೂಲೆಯಲ್ಲಿ ನಿಂತು, ಇಲ್ಲಿ ಎಂದರಂತೆ. ಆ ಮೂಲೆಯಲ್ಲಿ ಯಾವತ್ತೂ ಸಸಿ ನೆಟ್ಟಿರಲಿಲ್ಲ.

ಜನನ-ಮರಣದ ನೋಂದಣಿ ನನ್ನ ಕೆಲಸದ ಭಾಗ. ಏಳು ತಿಂಗಳಿಗಿಂತ ಮೊದಲು ಹೋದದ್ದಕ್ಕೆ ಯಾವ ಪುಸ್ತಕದಲ್ಲೂ ಜಾಗವಿಲ್ಲ ಎಂದು ನಾನೇ ಎಷ್ಟೋ ಜನರಿಗೆ ಹೇಳಿ ಕಳಿಸಿದ್ದೆ. ಒಬ್ಬಳು ಹೆಂಗಸು, ಬರ್ಕೊಳ್ಳಿ ಮೇಡಂ, ಒಂದು ಕಡೆ ಬರ್ಕೊಳ್ಳಿ ಎಂದು ಮೇಜು ಹಿಡಿದುಕೊಂಡು ನಿಂತಿದ್ದಳು. ಆಸ್ಪತ್ರೆಯ ಮಂಚದ ಮೇಲೆ ಅವಳು ನೆನಪಾದಳು.

ಸುಧಾರಿಸಿಕೊಳ್ಳಲು ತವರಿಗೆ ಹೋದೆ. ನನ್ನ ತವರು ಕಡೂರು ತಾಲ್ಲೂಕು, ಎಮ್ಮೆದೊಡ್ಡಿ ಕಡೆ. ಅಪ್ಪನದು ಹೊಲ, ಒಂದಿಷ್ಟು ತೆಂಗು. ಮೂರನೇ ದಿನಕ್ಕೆ ಎದೆಯಲ್ಲಿ ಹಾಲು ಬಂತು. ಅಮ್ಮ ಎಲೆಕೋಸಿನ ಎಲೆ ತಂದು ಬಟ್ಟೆಯೊಳಗೆ ಇಟ್ಟು ಬಿಗಿಯಾಗಿ ಕಟ್ಟಿದಳು. ಸಂಜೆ ದನ ಮೇಯುವ ಕಾವಲಿನಿಂದ ಅವು ಬರುವ ಹೊತ್ತಿಗೆ ಕರುಗಳು ಕೂಗಿದರೆ ಸಾಕು, ಕಟ್ಟಿದ ಬಟ್ಟೆ ನೆನೆಯುತ್ತಿತ್ತು. ಹಾಲು ಬತ್ತಿದ ಮೇಲೂ ಆ ಕೂಗು ಕೇಳಿದರೆ ಎದೆ ಜುಮ್ಮೆನ್ನುವುದು ನಿಲ್ಲಲಿಲ್ಲ.

ಆರು ವಾರ ಕಳೆದರೂ ಸುಸ್ತು ಹೋಗಲಿಲ್ಲವೆಂದು ಅಮ್ಮ ಕಡೂರಿನ ಡಾಕ್ಟರೊಬ್ಬರಿಗೆ ತೋರಿಸಿದಳು. ಚಿಕ್ಕ ವಯಸ್ಸಿನವರು. ನೆಗೆಟಿವ್ ಗ್ರೂಪು ಎಂದು ಗೊತ್ತಾದ ಕೂಡಲೇ ಒಂದು ಟೆಸ್ಟ್ ಬರೆದುಕೊಟ್ಟರು. ಕೂಂಬ್ಸ್ ಟೆಸ್ಟು, ತಾಯಿಯ ರಕ್ತದಲ್ಲಿ ಆಂಟಿಬಾಡಿ ಇದೆಯೇ ಎಂದು ನೋಡುವುದು. ಸಂಜೆಗೆ ರಿಪೋರ್ಟ್ ಬಂತು. ಪಾಸಿಟಿವ್, ಒಂದಕ್ಕೆ ನಾಲ್ಕು. ಎಂದರೆ ರಕ್ತವನ್ನು ನಾಲ್ಕು ಪಟ್ಟು ತೆಳುಮಾಡಿದರೂ ಸಿಗುವಷ್ಟು; ಈ ಅಂಕಿ ಏರಿದಷ್ಟೂ ಆಂಟಿಬಾಡಿ ಹೆಚ್ಚು.

"ಆಂಟಿಬಾಡಿ ಆಗ್ಬಿಟ್ಟಿದೆ" ಎಂದರು ಡಾಕ್ಟರು. "ಇಂಜೆಕ್ಷನ್ ಕೆಲಸ ಮಾಡಿಲ್ಲ ಅನ್ಸುತ್ತೆ."

"ಹಂಗಂದ್ರೆ ಏನ್ ಸಾರ್?" ಅಮ್ಮ ಕೇಳಿದಳು.

"ಮುಂದಿನ ಮಗು ಪಾಸಿಟಿವ್ ಆದ್ರೆ, ಇವರ ರಕ್ತವೇ ಮಗು ರಕ್ತಾನ ಒಡೆದು ಹಾಕುತ್ತೆ."

ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ನನಗೆ ಅಳು ಬರಲಿಲ್ಲ. ಮಣಿಕಟ್ಟಿನ ನರಗಳನ್ನು ನೋಡುತ್ತಾ ಕೂತಿದ್ದೆ. ಅಂದಿನಿಂದ ಕೆಲವು ತಿಂಗಳು ನನ್ನ ಮೈಯೊಳಗೆ ನನ್ನದಲ್ಲದ್ದು ಏನೋ ಎಚ್ಚರವಾಗಿದೆ, ಕಾಯುತ್ತಿದೆ ಎಂದೇ ಅನಿಸುತ್ತಿತ್ತು. ತಲೆ ಬಾಚುವಾಗ, ಪಹಣಿ ನೋಡುವಾಗ, ಯಾರದೋ ಮಗುವಿನ ಜನನ ಬರೆದುಕೊಳ್ಳುವಾಗ ಅದು ಇರುತ್ತಿತ್ತು. ಪಕ್ಕದ ಮನೆಯ ಕೂಸನ್ನು ಎತ್ತಿಕೊಳ್ಳಲೂ ಅಂಜುತ್ತಿದ್ದೆ. ರಕ್ತ ಹಾಗೆಲ್ಲ ಚರ್ಮ ದಾಟಿ ಹೋಗುವುದಿಲ್ಲ ಎಂದು ಗೊತ್ತಿದ್ದೂ.

ಗಂಡ ಬಂದು ನನ್ನನ್ನು ತರೀಕೆರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಕಡೂರಿನ ರಿಪೋರ್ಟ್ ನೋಡಿ ತಲೆಯಾಡಿಸಿದರು.

"ನಾನು ಕೊಟ್ಟ ಇಂಜೆಕ್ಷನ್ ಇದೆಯಲ್ಲ, ಅದೇ ಆಂಟಿಬಾಡಿ. ಬೇರೆಯವರ ಮೈಯಿಂದ ತೆಗೆದು ನಿನಗೆ ಕೊಟ್ಟಿರೋದು. ಅದು ಎಷ್ಟೋ ವಾರ, ಕೆಲವರಿಗೆ ತಿಂಗಳುಗಟ್ಟಲೆ ರಕ್ತದಲ್ಲಿ ಇರುತ್ತೆ. ಆರು ವಾರಕ್ಕೆ ಟೆಸ್ಟ್ ಮಾಡಿಸಿದ್ರೆ ಪಾಸಿಟಿವ್ ಬರೋದು ಆಶ್ಚರ್ಯ ಅಲ್ಲ."

"ಹಾಗಾದ್ರೆ ನಂದಲ್ವಾ ಮೇಡಂ?"

"ನಿಂದೋ ಸೂಜಿದೋ ಅಂತ ಈಗ ಯಾರೂ ಹೇಳೋಕಾಗಲ್ಲ. ಕಾಯಬೇಕು."

ಕಾದೆವು. ಮೂರು ತಿಂಗಳಾದ ಮೇಲೆ ಅವರೇ ಹೇಳಿದ ತರೀಕೆರೆಯ ಲ್ಯಾಬಿನಲ್ಲಿ ರಕ್ತ ಕೊಟ್ಟೆ. ನೆಗೆಟಿವ್ ಬಂತು. ಗಂಡ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿ ದೋಸೆ ಕೊಡಿಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು. ರಿಪೋರ್ಟಿನ ಮೇಲೆ ಚಟ್ನಿ ಚೆಲ್ಲಿದ್ದು ಕೂಡ ಆಗ ನಮಗೆ ತಮಾಷೆಯಾಗಿ ಕಂಡಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಂದು ಸಲ ಪಾಸಿಟಿವ್, ಒಂದು ಸಲ ನೆಗೆಟಿವ್ ಎಂಬುದು ನನ್ನನ್ನು ಬಿಡಲಿಲ್ಲ. ಒಂದೇ ಹೊಲಕ್ಕೆ ಎರಡು ಅಳತೆ ಬಂದಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ. ಆರು ತಿಂಗಳು ದಾಟಿದ ಮೇಲೆ ಶಿವಮೊಗ್ಗದ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆವು. ಗಂಡನಿಗೆ ಅವತ್ತು ಅಂಗಡಿ ಬಿಡಲಾಗದೆ ಅತ್ತೆ ನನ್ನ ಜೊತೆ ಬಂದರು. ರಿಪೋರ್ಟ್ ಬಂದಾಗ ಪಾಸಿಟಿವ್ ಎಂದೇ ಇತ್ತು. ಈ ಸಲ ಒಂದಕ್ಕೆ ಎಂಟು.

ಅಲ್ಲಿಯ ಡಾಕ್ಟರು ನನ್ನ ಅಕ್ಕನ ವಯಸ್ಸಿನವರು. ಮೂರು ರಿಪೋರ್ಟುಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು.

"ಮೇಡಂ, ನಡುವಿಂದು ನೆಗೆಟಿವ್ ಬಂತಲ್ಲ?" ಎಂದೆ.

"ಒಂದೊಂದು ಲ್ಯಾಬಿನ ವಿಧಾನ ಒಂದೊಂದು ಥರ. ಕಮ್ಮಿ ಪ್ರಮಾಣ ಇದ್ರೆ ಕೆಲವು ವಿಧಾನಕ್ಕೆ ಸಿಗಲ್ಲ. ಅದಕ್ಕೇ ಇನ್ಮೇಲೆ ಒಂದೇ ಲ್ಯಾಬಲ್ಲಿ ಮಾಡಿಸಿ. ಇಂಜೆಕ್ಷನ್‌ದಾಗಿದ್ರೆ ಇಷ್ಟು ಹೊತ್ತಿಗೆ ಹೋಗಿರಬೇಕಿತ್ತು. ಏರೋದಂತೂ ಇಲ್ಲ. ಇದು ನಿಮ್ಮದೇ ಅನ್ಸುತ್ತೆ." ಅವರು ತಾಯಿ ಕಾರ್ಡ್ ತಿರುಗಿಸಿ ನೋಡಿದರು. "ಆದ್ರೆ ಮೊದಲನೇ ಸಲ, ಟೈಮಿಗೆ ಸರಿಯಾಗಿ ಇಂಜೆಕ್ಷನ್ ಕೊಟ್ಟಿದಾರೆ. ಆದ್ರೂ ಆಗಿದೆ. ಇದಕ್ಕೂ ಮೊದಲು ಯಾವತ್ತಾದ್ರೂ ಗರ್ಭ ಹೋಗಿತ್ತಾ?"

ನಾನು ಅತ್ತೆಯ ಕಡೆ ನೋಡಲಿಲ್ಲ.

"ಹೌದು ಮೇಡಂ. ಒಂದು ಸಲ. ಮೂರು ತಿಂಗಳಾಗ್ತಾ ಬಂದಿತ್ತು. ಆಸ್ಪತ್ರೆಗೆ ಹೋಗಿರಲಿಲ್ಲ."

"ಇಂಜೆಕ್ಷನ್?"

"ಇಲ್ಲ."

ಡಾಕ್ಟರು ಬೈಯಲಿಲ್ಲ. ಕಾರ್ಡಿನಲ್ಲಿ ಒಂದು ಎಂದಿದ್ದದ್ದನ್ನು ಹೊಡೆದು ಎರಡು ಎಂದು ಬರೆದರು. "ಅಷ್ಟು ಬೇಗ ಹೋದಾಗ ಆಗೋದು ಅಪರೂಪ. ಆದ್ರೆ ಆಗಲ್ಲ ಅಂತಿಲ್ಲ. ಅದರಿಂದ ಆಯ್ತೋ, ಎರಡನೇದರಿಂದ ಆಯ್ತೋ, ಈಗ ಹೇಳೋಕೆ ದಾರಿ ಇಲ್ಲ" ಎಂದರು. ಒಮ್ಮೆ ಹುಟ್ಟಿಕೊಂಡ ಮೇಲೆ ಇಂಜೆಕ್ಷನ್‌ನಿಂದ ಉಪಯೋಗವಿಲ್ಲ, ಮತ್ತೆ ಬಸುರಾದರೆ ಕೂಡಲೇ ಬರಬೇಕು, ಹೆದರಿ ಬಿಟ್ಟುಬಿಡುವಂಥದ್ದೂ ಅಲ್ಲ ಎಂದು ವಿವರಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ನಾವು ಬೇರೆ ಬೇರೆ ಸೀಟಿನಲ್ಲಿ ಕೂತೆವು. ನನಗೆ ಅವರ ಮೇಲೆ ಸಿಟ್ಟಿತ್ತು. ಅದಕ್ಕಿಂತ ಹೆಚ್ಚಿಗೆ ನನ್ನ ಮೇಲಿತ್ತು. ಯಾರೂ ಲೆಕ್ಕಕ್ಕೆ ಹಿಡಿಯದ, ಗಂಡೋ ಹೆಣ್ಣೋ ಎಂದೂ ಗೊತ್ತಾಗದ ಆ ಮೊದಲನೆಯದು ನನ್ನ ರಕ್ತದಲ್ಲಿ ಎರಡು ವರ್ಷದಿಂದ ಇತ್ತೇ ಎಂದು ಯೋಚಿಸುತ್ತಿದ್ದೆ. ಮುಟ್ಟು ತಡವಾಗಿತ್ತು ಎಂದು ನಾವು ಅದನ್ನು ಬಚ್ಚಲಿನ ನೀರಿಗೆ ಬಿಟ್ಟಿದ್ದೆವು.

ಎರಡು ತಿಂಗಳು ನಾನೂ ಅತ್ತೆಯೂ ಬೇಕಾದಷ್ಟು ಮಾತು ಮಾತ್ರ ಆಡಿದೆವು.

ಆಗ ನಮ್ಮ ಊರಿನವರೇ ಒಬ್ಬ ಮುದುಕರು, ಎಷ್ಟೋ ವರ್ಷದ ಹಿಂದೆ ಹೆಂಡತಿ ಸತ್ತ ದಾಖಲೆ ಸಿಗದೆ ಖಾತೆ ಬದಲಾವಣೆ ನಿಂತುಹೋಗಿದೆ, ಒಂದು ಸಲ ಹುಡುಕಿ ಕೊಡವ್ವ ಎಂದು ಕೇಳಿಕೊಂಡರು. ಅಜ್ಜಂಪುರ ಬೇರೆ ತಾಲ್ಲೂಕಾಗಿದ್ದರೂ ಆ ಕಾಲದ ಪುಸ್ತಕಗಳು ತರೀಕೆರೆಯ ರೆಕಾರ್ಡ್ ರೂಮಿನಲ್ಲೇ ಇದ್ದವು. ಒಂದು ಮಧ್ಯಾಹ್ನ ಅಲ್ಲಿ ಕೂತು ನಮ್ಮ ಊರಿನ ಮರಣದ ಪುಸ್ತಕ ತಿರುವಿದೆ. ಮುದುಕರ ಹೆಂಡತಿಯ ಹೆಸರು ಸಿಕ್ಕಿತು. ಅದೇ ಪುಟದಲ್ಲಿ, ಎರಡು ಸಾಲು ಕೆಳಗೆ, ನನ್ನ ಮಾವನ ಹೆಸರಿತ್ತು. ತೀರಿಕೊಂಡದ್ದು ಮಾವನಲ್ಲ. ತಂದೆಯ ಹೆಸರಿನ ಕಾಲಮ್ಮಿನಲ್ಲಿ ಅವರ ಹೆಸರು, ತಾಯಿಯ ಕಾಲಮ್ಮಿನಲ್ಲಿ ಅತ್ತೆಯ ಹೆಸರು. ಗಂಡು ಶಿಶು. ವಯಸ್ಸು ಎರಡು ದಿನ. ಕಾರಣ, ಕಾಮಾಲೆ.

ನನ್ನ ಗಂಡ ಹುಟ್ಟಿದ ಮೂರು ವರ್ಷದ ನಂತರದ ದಾಖಲೆ ಅದು. ಮುಂದಿನ ವರ್ಷಗಳ ಕಟ್ಟುಗಳನ್ನೂ ಇಳಿಸಿಕೊಂಡೆ. ಅದೇ ತಂದೆ, ಅದೇ ತಾಯಿ. ಹೆಣ್ಣು ಶಿಶು. ವಯಸ್ಸು ಒಂದು ದಿನ. ಕಾಮಾಲೆ. ಅಕ್ಷರಗಳು ದುಂಡಗೆ, ಚೆನ್ನಾಗಿದ್ದವು. ನನ್ನ ಹಾಗೆಯೇ ಯಾರೋ ಒಬ್ಬರು ಕೂತು, ಕೇಳಿ, ಬರೆದುಕೊಂಡು, ಮುಂದಿನ ಸಾಲಿಗೆ ಹೋಗಿದ್ದರು.

ನನ್ನ ಗಂಡ ಒಬ್ಬನೇ ಮಗ ಎಂದಷ್ಟೇ ನನಗೆ ಗೊತ್ತಿತ್ತು. ಅವನಿಗೂ ಅಷ್ಟೇ ಗೊತ್ತಿತ್ತು ಎಂದು ಆಮೇಲೆ ತಿಳಿಯಿತು.

ಮಾರನೇ ದಿನ ಭಾನುವಾರ. ಗಂಡ ಯಾರದೋ ತೋಟಕ್ಕೆ ಮೋಟಾರು ಎತ್ತಲು ಹೋಗಿದ್ದ. ಅತ್ತೆ ಹಿತ್ತಲಲ್ಲಿ ಒಡೆದ ಕಾಯಿಹೋಳುಗಳನ್ನು ಒಣಗಲು ಹರಡುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಹರಡುತ್ತಾ, ಪುಸ್ತಕದಲ್ಲಿ ನೋಡಿದ್ದನ್ನು ಹೇಳಿದೆ. ಅತ್ತೆಯ ಕೈ ನಿಂತಿತು.

"ಎರಡೇ ಬರ್ದವ್ರಾ?" ಎಂದು ಕೇಳಿದರು.

"ಹೂಂ ಅತ್ತೆ. ಎರಡು."

"ಮೂರು ಕಣವ್ವ. ಕೊನೇದು ಹೊಟ್ಟೇಲೇ ಹೋಗಿತ್ತು. ಮೈಯೆಲ್ಲ ಊದ್ಕಂಡಿತ್ತು. ಅದನ್ನ ಬರ್ಸಿಲ್ಲ ಅಂತ ಕಾಣ್ತದೆ ನಿಮ್ಮ ಮಾವ."

ಅವರು ನಿಧಾನವಾಗಿ ಹೇಳಿದರು. ಮೊದಲನೆಯವನಿಗೆ, ಎಂದರೆ ನನ್ನ ಗಂಡನಿಗೆ, ಏನೂ ಆಗಲಿಲ್ಲ. ಎರಡನೆಯದು ಹುಟ್ಟಿದ ಸಂಜೆಗೇ ಅರಿಸಿನ ಬಳಿದ ಹಾಗಾಯಿತು. ಮೂರನೆಯದು ಇನ್ನೂ ಬೇಗ. ಮಠಕ್ಕೆ ಹೋದರು. ಸ್ವಾಮಿಗಳು ವಿಭೂತಿ ಕೊಟ್ಟು, ಧೈರ್ಯ ಹೇಳಿ, ದೊಡ್ಡ ಆಸ್ಪತ್ರೆಗೆ ಹೋಗಿ ಎಂದಿದ್ದರಂತೆ. ಯಾರೂ ಕರೆದುಕೊಂಡು ಹೋಗಲಿಲ್ಲ.

"ನನ್ನ ಹಾಲೇ ವಿಷ ಅಂದ್ರು ಊರೋರು. ಎರಡನೇದು ಹಾಲು ಬಾಯಿಗೇ ಹಾಕ್ಕಂಡಿರ್ಲಿಲ್ಲ. ಹಂಗೇ ನಿದ್ದೆ ನಿದ್ದೆ ಮಾಡ್ಕಂಡು ಹೋಗ್ಬಿಡ್ತು. ಹಾಲು ಎಲ್ಲಿಂದ ವಿಷ ಆಯ್ತದೆ, ನೀನೇ ಹೇಳು."

ನಾನು ಒಂದು ಹೋಳನ್ನು ಬಿಸಿಲಿಗೆ ಮಗುಚಿ ಇಟ್ಟೆ.

"ನಾನು ಬೀದೀಲಿ ಹೋದ್ರೆ ಹೆಂಗಸ್ರು ಬೆರಳು ಮಡಚಿ ಎಣ್ಸೋರು. ಒಂದು, ಎರಡು, ಮೂರು ಅಂತ. ನಿಂದನ್ನ ಹಂಗೆ ಯಾರೂ ಎಣ್ಸದು ಬ್ಯಾಡ ಅಂತ ಚೊಚ್ಚಲು ಅಂದೆ ಕಣವ್ವ. ನಂಗೇನ್ ಗೊತ್ತಿತ್ತು, ಹಿಂಗೆ ಸೂಜಿ ಐತೆ ಅಂತ."

ಆಮೇಲೆ ಇಬ್ಬರೂ ಉಳಿದ ಹೋಳುಗಳನ್ನು ಹರಡಿದೆವು. ನನ್ನ ಸಿಟ್ಟು ಅವತ್ತೇ ಹೋಯಿತು ಎಂದರೆ ಸುಳ್ಳಾದೀತು. ಆದರೆ ಅದನ್ನು ಯಾರ ಮೇಲೆ ಇಡಬೇಕೆಂಬುದು ಅವತ್ತಿನಿಂದ ನನಗೆ ತಿಳಿಯದಾಯಿತು.

ಅಜ್ಜಂಪುರದ ಲ್ಯಾಬಿನಲ್ಲಿ ಅತ್ತೆಯ ರಕ್ತ ಪರೀಕ್ಷೆ ಮಾಡಿಸಿದೆ. ಅರವತ್ತು ದಾಟಿದ ಅವರಿಗೆ ತಮ್ಮ ರಕ್ತದ ಗುಂಪು ಯಾವುದೆಂದು ತಿಳಿದದ್ದು ಅವತ್ತೇ ಮೊದಲು. ನೆಗೆಟಿವ್.

ಶಿವಮೊಗ್ಗದ ಡಾಕ್ಟರಿಗೆ ಹೇಳಿದಾಗ ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಇದು ನಿಮಗೆ ಒಳ್ಳೇದೇ" ಎಂದು ನನ್ನ ಗಂಡನಿಗೆ ಹೇಳಿದರು. "ನಿಮ್ಮ ತಾಯಿ ನೆಗೆಟಿವ್ ಆಗಿದ್ರೆ ನಿಮಗೆ ಅವರಿಂದ ಬಂದಿರೋದು ನೆಗೆಟಿವ್. ತಂದೆಯಿಂದ ಪಾಸಿಟಿವ್. ನಿಮ್ಮ ಮಗುಗೆ ಎರಡರಲ್ಲಿ ಯಾವುದಾದ್ರೂ ಒಂದು ಹೋಗಬಹುದು. ಅರ್ಧಕ್ಕರ್ಧ. ನೆಗೆಟಿವ್ ಮಗು ಆದ್ರೆ ಈ ಆಂಟಿಬಾಡಿ ಏನೂ ಮಾಡಲ್ಲ."

ಮೂರು ಮಕ್ಕಳನ್ನು ನುಂಗಿದ ರಕ್ತ ನಮಗೆ ಅರ್ಧ ಭರವಸೆಯಾಗಿ ಬಂದಿತ್ತು. ಮನೆಗೆ ಬಂದು ಅತ್ತೆಗೆ ತಿಳಿಸಿದಾಗ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಆ ವರ್ಷದ ಕೊನೆಗೆ ಮತ್ತೆ ಬಸುರಾದೆ. ಎಷ್ಟನೇದು ಎಂದು ಶಿವಮೊಗ್ಗದ ಆಸ್ಪತ್ರೆಯಲ್ಲಿ ಕೇಳಿದಾಗ ಅತ್ತೆಯೇ, "ಮೂರನೇದು" ಎಂದರು. ಗರ್ಭದ ಬಾಯಿಗೆ ಹೊಲಿಗೆ ಹಾಕಿದರು. ಪ್ರತಿ ತಿಂಗಳೂ ಅದೇ ಲ್ಯಾಬಿಗೆ ರಕ್ತ ಕೊಟ್ಟೆ. ಒಂದಕ್ಕೆ ಎಂಟು. ಮತ್ತೆ ಎಂಟು. ಆರನೇ ತಿಂಗಳಲ್ಲಿ ಹದಿನಾರು. ಆಮೇಲೆ ಮೂವತ್ತೆರಡು. ಅಲ್ಲಿಂದ ಮುಂದೆ ವಾರ, ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗು. ಮಗುವಿನ ತಲೆಯಲ್ಲಿ ರಕ್ತ ಎಷ್ಟು ವೇಗವಾಗಿ ಹರಿಯುತ್ತಿದೆ ಎಂದು ನೋಡುತ್ತಿದ್ದರು. ರಕ್ತ ಕಡಿಮೆಯಾದರೆ ಅದು ತೆಳ್ಳಗಾಗಿ ಜೋರಾಗಿ ಓಡುತ್ತದಂತೆ. ಆ ಕತ್ತಲ ಕೋಣೆಯಲ್ಲಿ ಮಲಗಿ ಮಗುವಿನ ನಾಡಿಯ ಸದ್ದು ಕೇಳುವಾಗ ನಾನು ಮನಸ್ಸಿನಲ್ಲೇ ಅದಕ್ಕೆ ಕ್ಷಮೆ ಕೇಳುತ್ತಿದ್ದೆ. ಮೂವತ್ತೆರಡು ಬಂದಿದೆ ಎಂದರೆ ಮಗು ಪಾಸಿಟಿವ್ ಇರಬಹುದೇ ಎಂದು ಡಾಕ್ಟರನ್ನು ಕೇಳಿದೆ. ಅನುಮಾನಕ್ಕೆ ಆಸ್ಪದ ಇದೆ, ಖಚಿತವಲ್ಲ ಎಂದರು.

ಮೂವತ್ತೇಳನೇ ವಾರ ನೋವು ಬರಿಸಿ ಹೆರಿಗೆ ಮಾಡಿಸಿದರು. ಹೆಣ್ಣು ಮಗು. ಅತ್ತಿತು. ಹೊಕ್ಕುಳಬಳ್ಳಿಯ ರಕ್ತ ಲ್ಯಾಬಿಗೆ ಹೋಯಿತು. ಎರಡು ಗಂಟೆ ಕಳೆದ ಮೇಲೆ ಮಕ್ಕಳ ಡಾಕ್ಟರು ಬಂದು, ಪಾಸಿಟಿವ್ ಎಂದರು. ನಮ್ಮ ಅರ್ಧ ಆಚೆಗೆ ಬಿದ್ದಿತ್ತು. ಮಗುವಿನ ರಕ್ತಕಣಗಳಿಗೆ ನನ್ನ ಆಂಟಿಬಾಡಿ ಅಂಟಿಕೊಂಡಿದೆ, ಕಾಮಾಲೆ ಏರುತ್ತದೆ, ಈಗಿಂದೀಗಲೇ ಲೈಟಿನ ಕೆಳಗೆ ಇಡಬೇಕು, ಅದರಲ್ಲಿ ಇಳಿಯದಿದ್ದರೆ ರಕ್ತ ಬದಲಾಯಿಸಬೇಕಾಗುತ್ತದೆ ಎಂದರು.

ಮಾರನೇ ದಿನ ಮಧ್ಯಾಹ್ನ ಅತ್ತೆಯನ್ನು ಮಗು ನೋಡಲು ಒಳಗೆ ಬಿಟ್ಟರು. ನಾನು ಗಾಲಿಕುರ್ಚಿಯಲ್ಲಿದ್ದೆ, ಅತ್ತೆ ನನ್ನ ಪಕ್ಕ ನಿಂತಿದ್ದರು. ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ, ಬರಿಮೈಯಲ್ಲಿ ಮಲಗಿಸಿದ್ದರು. ಮೇಲಿನಿಂದಲೂ ಕೆಳಗಿನಿಂದಲೂ ನೀಲಿ ಬೆಳಕು. ಅಷ್ಟು ನೀಲಿಯಲ್ಲೂ ಅತ್ತೆ ಅಂಗಾಲಿನ ಹಳದಿಯನ್ನು ಗುರುತು ಹಿಡಿದರು.

"ಇದೇ ಬಣ್ಣ" ಎಂದರು. ಆಮೇಲೆ ನರ್ಸನ್ನು ಕೇಳಿದರು. "ಔಷಧಿ ಏನ್ ಹಾಕ್ತಿದೀರವ್ವ?"

"ಔಷಧಿ ಇಲ್ಲ ಅಜ್ಜಿ. ಲೈಟೇ ಔಷಧಿ."

"ಬರೀ ಬೆಳಕಾ?"

"ಹೂಂ. ಬೆಳಕಿಗೆ ಹಳದಿ ಕರಗುತ್ತೆ. ಜಾಸ್ತಿ ಆದ್ರೆ ಬೇರೆ ಮಾಡ್ತಾರೆ. ಇದಕ್ಕೆ ಸದ್ಯಕ್ಕೆ ಇಷ್ಟೇ ಸಾಕು."

ಅತ್ತೆ ನನ್ನ ಭುಜ ಹಿಡಿದುಕೊಂಡರು. "ಬಾಣಂತಿ ಕೋಣೆಗೆ ಗಾಳಿ ಬರ್ಬಾರ್ದು ಅಂತ ನಾವು ಬಾಗ್ಲು ಕಿಟಕಿ ಎಲ್ಲ ಮುಚ್ಚಿದ್ವಿ ಕಣವ್ವ. ಸಂದಿಗೂ ಗೋಣಿಚೀಲ ತುರುಕಿದ್ವಿ. ಎರಡು ದಿನ ಕತ್ಲಲ್ಲಿ ಇಟ್ಟಿದ್ವಿ ಅದನ್ನ."

ಆ ಮಗುವಿಗೆ ಬೆಳಕೊಂದೇ ಸಾಕಾಗುತ್ತಿರಲಿಲ್ಲವೇನೋ, ಕಿಟಕಿ ತೆರೆದಿದ್ದರೂ ಉಳಿಯುತ್ತಿರಲಿಲ್ಲವೇನೋ ಎಂದು ಡಾಕ್ಟರು ನನಗೆ ಆಮೇಲೆ ಹೇಳಿದರು. ನಾನದನ್ನು ಅತ್ತೆಗೆ ಎಷ್ಟೋ ಸಲ ಹೇಳಿದ್ದೇನೆ. ಅವರು ತಲೆಯಾಡಿಸುತ್ತಾರೆ. ನಂಬಿದರೋ ಇಲ್ಲವೋ ಗೊತ್ತಿಲ್ಲ. ಆ ಐದು ದಿನವೂ ಬಿಟ್ಟಷ್ಟು ಹೊತ್ತು ಅವರು ಆ ಗಾಜಿನ ಪಕ್ಕ ನಿಂತಿರುತ್ತಿದ್ದರು.

ಐದನೇ ದಿನ ಹಳದಿ ಇಳಿಯಿತು. ನಾಲ್ಕನೇ ವಾರ ಮಗುವಿನ ರಕ್ತ ಕಡಿಮೆಯಾಗಿದೆಯೆಂದು ಒಂದು ಸಲ ರಕ್ತ ಕೊಟ್ಟರು. ನನ್ನ ಆಂಟಿಬಾಡಿ ಅವಳ ಮೈಯಲ್ಲಿ ಇನ್ನೂ ಸ್ವಲ್ಪ ದಿನ ಇರುತ್ತದೆ, ತಾನಾಗಿ ಹೋಗುತ್ತದೆ ಎಂದರು. ಮೂರನೇ ತಿಂಗಳಿಗೆ ಹೋಯಿತು. ಅವಳಿಗೆ ಈಗ ಎರಡು ವರ್ಷ. ಅಂಗಳದಲ್ಲಿ ಕೋಳಿ ಅಟ್ಟಿಕೊಂಡು ಓಡುತ್ತಾಳೆ. ಇನ್ನೊಂದು ಮಗು ಬೇಡವೆಂದು ನಾವಿಬ್ಬರೂ ನಿರ್ಧರಿಸಿದ್ದೇವೆ.

ಹೋದ ತಿಂಗಳು ಕಚೇರಿ ಕೆಲಸದ ಮೇಲೆ ಶಿವಮೊಗ್ಗಕ್ಕೆ ಹೋದವಳು, ಯಾರಿಗೂ ಹೇಳದೆ, ಅದೇ ಲ್ಯಾಬಿಗೆ ಹೋಗಿ ಅದೇ ಟೆಸ್ಟ್ ಮಾಡಿಸಿದೆ.

"ಎಷ್ಟು ತಿಂಗಳು ಮೇಡಂ?" ಎಂದು ಅಲ್ಲಿಯ ಹುಡುಗಿ ಕೇಳಿದಳು.

"ಬಸುರಿಯಲ್ಲ."

"ಮತ್ತೆ ಯಾಕೆ?"

"ಸುಮ್ನೆ, ನೋಡೋಣ ಅಂತ."

ಪಾಸಿಟಿವ್ ಬಂತು. ಒಂದಕ್ಕೆ ಹದಿನಾರು. ಒಮ್ಮೆ ಬಂದರೆ ಕೆಲವರಲ್ಲಿ ಬದುಕಿರುವವರೆಗೂ ಇರುತ್ತದೆ ಎಂದು ಡಾಕ್ಟರು ಹಿಂದೆಯೇ ಹೇಳಿದ್ದರು. ಆದರೂ ಬಸ್ ಸ್ಟ್ಯಾಂಡಿನಲ್ಲಿ ಆ ಕಾಗದವನ್ನು ಮತ್ತೆ ಬಿಚ್ಚಿ ಓದಿದೆ. ಗಂಡನಿಗೆ ಹೇಳಲಿಲ್ಲ. ಸಂಜೆ ಜಗಲಿಯ ಮೇಲೆ ಮಗುವಿಗೆ ಅನ್ನ ಕಲೆಸಿ ತಿನ್ನಿಸುತ್ತಿದ್ದ ಅತ್ತೆಗೆ ಹೇಳಿದೆ.

ಅವರು ಮಗುವಿನ ಗಲ್ಲಕ್ಕೆ ಅಂಟಿದ್ದ ಅಗುಳನ್ನು ತೆಗೆದರು. "ಹಂಗಾರೆ ನನ್ನ ಮೈಯಾಗೂ ಇನ್ನೂ ಇರ್ತದಾ?"

"ಇರಬಹುದು ಅತ್ತೆ. ಬೇಕಾದ್ರೆ ಟೆಸ್ಟ್ ಮಾಡಿಸೋಣ."

"ಬ್ಯಾಡ" ಎಂದರು. ಮತ್ತೊಂದು ತುತ್ತು ಮಾಡಿ ಮಗುವಿನ ಬಾಯಿಗೆ ಇಟ್ಟರು. "ಇರ್ಲಿ ಬಿಡು. ಆ ಕೂಸುಗಳ್ಗೆ ಇನ್ನೆಲ್ಲಿ ಜಾಗ ಐತೆ."